ಹದಿನೇಳನೆಯ ಅಧ್ಯಾಯ

ನ್ಯಾಯಾಲಯಗಳಲ್ಲಿ ಕಾನೂನಿನ ಬದಲು ಕಾದಂಬರಿ ಓದಿ ತೀರ್ಪು ಕೊಡಲು ಶುರುವಾಗಿ ಮೂವತ್ತು ವರ್ಷವಾಗಿತ್ತು. ಬೆಟಗೇರಿಯ ಕ್ರೈಸ್ತ ಸಂಸಾರಗಳ ಜಗಳಕ್ಕೆ ಸುಗುಣಮ್ಮ ದೇವದಾನ ಬರೆದ ‘ಕ್ಷಮೆಯ ಮನೆ’ಯೇ ಆಧಾರ. ಒಮ್ಮೆ ಆಧಾರವಾದ ಪುಸ್ತಕವನ್ನು ಲೇಖಕರು ತಿದ್ದುವಂತಿರಲಿಲ್ಲ, ಹೊಸದನ್ನು ಬರೆಯುವಂತೆಯೂ ಇರಲಿಲ್ಲ. ವಿಚಾರಣೆಯ ದಿನ ಹೋಗಿ ತಮ್ಮ ಪುಟವನ್ನು ಗಟ್ಟಿಯಾಗಿ ಓದುವುದಷ್ಟೇ ಅವರ ಕೆಲಸ.

ಆ ಸೋಮವಾರ ನ್ಯಾಯಾಲಯದ ಮೆಟ್ಟಿಲ ಬಳಿ ಪ್ರಿಯಲತಾ ಎಂಬ ಯುವತಿ ಸುಗುಣಮ್ಮನ ಕೈ ಹಿಡಿದಳು. ಅವಳ ಎಡಗಣ್ಣು ಊದಿಕೊಂಡಿತ್ತು.

“ಅಮ್ಮಾರ, ಹದಿನೇಳನೇ ಅಧ್ಯಾಯ ಓದಬ್ಯಾಡ್ರಿ. ಓದಿದ್ರ ಮತ್ತ ನನ್ನ ಆ ಗಂಡನ ಮನೀಗೇ ಕಳಸ್ತಾರ.”

ಆ ಅಧ್ಯಾಯದಲ್ಲಿ ನಾಯಕಿ ತನ್ನನ್ನು ಹೊಡೆದ ಗಂಡನನ್ನು ಕ್ಷಮಿಸಿ ಮನೆಗೆ ಮರಳುತ್ತಾಳೆ. ಅದನ್ನು ಕೇಳಿಸಿಕೊಂಡು ನಲವತ್ತೊಂದು ಮಂದಿ ಹೆಂಗಸರು ಈಗಾಗಲೇ ಮರಳಿದ್ದರು.

ನ್ಯಾಯಾಧೀಶರು ಸನ್ನೆ ಮಾಡಿದರು. ಸುಗುಣಮ್ಮ ಮೊದಲ ಸಾಲು ಓದಿದರು. ಎರಡನೆಯದಕ್ಕೆ ಬರುವ ಮೊದಲೇ ಪುಸ್ತಕ ಮುಚ್ಚಿದರು.

“ಸಾಹೇಬ್ರ, ಇದು ಸುಳ್ಳೈತ್ರಿ. ಆಕಿ ನಾನ. ನಾ ಕ್ಷಮಿಸಿದ್ದಿಲ್ಲ, ಹೋಗಾಕ ಬ್ಯಾರೆ ಜಾಗ ಇರಲಿಲ್ಲ ಅಂತ ಹೊಳ್ಳಿ ಹೋದೆ. ಕ್ಷಮಿಸಿದೆ ಅಂತ ಬರದ್ರಷ್ಟ ಚರ್ಚಿನ ಸಭೆಯವರು ಅಚ್ಚು ಹಾಕ್ತಿದ್ರು.”

“ಪುಸ್ತಕದಾಗ ಇಲ್ಲದ್ದು ಇಲ್ಲಿ ಸಾಕ್ಷಿ ಆಗಂಗಿಲ್ರಿ, ಅಮ್ಮಾರ,” ಎಂದರು ನ್ಯಾಯಾಧೀಶರು ಮೆತ್ತಗೆ. ಉಳಿದದ್ದನ್ನು ಗುಮಾಸ್ತನೇ ಓದಿ ಮುಗಿಸಿದ. ತೀರ್ಪು ಎಂದಿನಂತೆಯೇ ಆಯಿತು.

ಹೊರಗೆ ಪ್ರಿಯಲತಾಳ ಗಂಡ ಬೈಕ್ ಮೇಲೆ ಕಾಯುತ್ತಿದ್ದ. ಸುಗುಣಮ್ಮ ಅವಳನ್ನು ಹಿಂಬಾಗಿಲಿನಿಂದ ತಮ್ಮ ಮನೆಗೆ ಕರೆದೊಯ್ದರು.

“ಪೊಲೀಸರು ಬರ್ತಾರಲ್ರಿ?”

“ಬರ್ತಾರ.”

ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಇಬ್ಬರೂ ನೆಲದ ಮೇಲೆ ಕುಳಿತರು. ಸಂಜೆ ಬೂಟುಗಳ ಸದ್ದು ಅಂಗಳಕ್ಕೆ ಬಂದಾಗಲೂ ಅವರು ಏಳಲಿಲ್ಲ.