ಹೆಂಗಸರ ಸಾಲು

ಹನ್ನೊಂದು ವರ್ಷಗಳ ಮೇಲೆ ಅವಳು ಆ ಚರ್ಚಿಗೆ ಬಂದದ್ದು ಅಪ್ಪನ ಮಣ್ಣಿಗೆ. ಊರು ಬಿಡುವಾಗ ಅವಳು ಆ ಮನೆಯ ಮಗನಾಗಿದ್ದಳು.

"ಯಾರ ಪೈಕಿರಿ?" ಬಾಗಿಲಲ್ಲಿ ನಿಂತಿದ್ದ ಹಿರಿಯರು ಕೇಳಿದರು.

"ಮನಿ ಪೈಕಿನ," ಎಂದವಳೇ ಹೆಂಗಸರ ಸಾಲಿಗೆ ಹೋಗಿ ಅವ್ವನ ಪಕ್ಕ ಕೂತಳು. ಅವ್ವ ಒಮ್ಮೆ ದಿಟ್ಟಿಸಿ ನೋಡಿ ಮತ್ತೆ ಅಪ್ಪನ ಪೆಟ್ಟಿಗೆಯತ್ತ ತಿರುಗಿದಳು.

ಪ್ರಾರ್ಥನೆ ಶುರುವಾದಾಗ ಹೆಂಗಸರೆಲ್ಲ ತಲೆಗೆ ಸೆರಗು ಹೊದ್ದುಕೊಂಡರು. ಚಿಕ್ಕಂದಿನಲ್ಲಿ ಅವ್ವ ತನ್ನ ಸೆರಗನ್ನು ತಂಗಿಯ ತಲೆಗೂ ಹೊದಿಸುವುದನ್ನು ಅವಳು ಗಂಡಸರ ಸಾಲಿನಿಂದ ಆಸೆಯಿಂದ ನೋಡುತ್ತಿದ್ದಳು. ಈಗ ಅವಳು ತನ್ನ ಸೆರಗಿನ ಅಂಚು ಹಿಡಿದು ಹಾಗೇ ಕೂತಳು. ಅವ್ವನೇ ಬಾಗಿ, ಅವಳ ಸೆರಗನ್ನೆತ್ತಿ ತಲೆಗೆ ಹೊದಿಸಿದಳು.

"ಯವ್ವಾ..." ಅವಳಿಗೆ ಅಳು ಒತ್ತರಿಸಿ ಬಂತು.

ಅವ್ವ ಪಿಸುಗುಟ್ಟಿದಳು: "ಇನ್ನಷ್ಟು ಮುಂದಕ್ಕ ಎಳಕೋ. ಮಂದಿ ಗುರ್ತು ಹಿಡೀತಾರ."