ಆಯಿಲ್ ಬದಲಾಯಿಸುವ ದಿನ

ವಾರಿಜಾಳ ಗಂಡನಿಗೆ ಕಾರಿನ ವಿಚಾರದ ಗಂಧಗಾಳಿಯೂ ಇರಲಿಲ್ಲ. ಅವಳೊಬ್ಬಳನ್ನೇ ಅವನು ಹೊರಗೆ ಬಿಡುತ್ತಿದ್ದದ್ದು ತಿಂಗಳಿಗೊಮ್ಮೆ, ಎಂಜಿನ್ ಆಯಿಲ್ ಬದಲಾಯಿಸಲು ಮಾತ್ರ. ಅವಳು ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ ಹಿಂದಿನ ಬೀದಿಯ ಅಕ್ಕನ ಮನೆಗೆ ಓಡುತ್ತಿದ್ದಳು. ಜಾತಿ ಬಿಟ್ಟು ಮದುವೆಯಾದ ಆ ಅಕ್ಕನ ಹೊಸ್ತಿಲು ತುಳಿಯಕೂಡದೆಂದು ಗಂಡನ ಕಟ್ಟಪ್ಪಣೆಯಿತ್ತು.

ಈ ಸಲ ಅವನೂ ಜೊತೆಗೆ ಬಂದ.

“ಆಯಿಲ್ ವರ್ಷಕ್ಕೊಂದ್ಸಲ ಬದಲಾಯಿಸಿದ್ರೆ ಸಾಕು ಅಂತಾರಲ್ಲ ಆಫೀಸಲ್ಲಿ. ನಿಜಾನಾ?” ಎಂದು ಮೆಕ್ಯಾನಿಕ್ ದಸ್ತಗೀರನನ್ನು ಕೇಳಿದ.

ಅಕ್ಕನ ಬೀದಿಯತ್ತ ಕಣ್ಣು ಹೋಗದಿರಲೆಂದು ವಾರಿಜಾ ತಲೆ ತಗ್ಗಿಸಿ ನಿಂತಳು.

ದಸ್ತಗೀರ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಎಳೆದು ನಿಧಾನವಾಗಿ ಒರೆಸಿದ. ಅವಳನ್ನು ಒಮ್ಮೆ ನೋಡಿದ.

“ಬೇರೆ ಗಾಡಿಗಾದ್ರೆ ಸಾಕು ಸಾರ್. ನಿಮ್ಮದಕ್ಕೆ ತಿಂಗಳೂ ಜಾಸ್ತಿ ಆಯ್ತು. ಇನ್ಮೇಲೆ ಹದಿನೈದು ದಿನಕ್ಕೊಮ್ಮೆ ಮೇಡಮ್ಮನ್ನ ಕಳಿಸಿ.”