ಕಸ್ತೂರಿಯ ಧ್ವನಿಪೆಟ್ಟಿಗೆ

ಸತ್ತವರ ಧ್ವನಿಪೆಟ್ಟಿಗೆಯನ್ನು ಗಂಟಲಿಗೆ ಕಸಿ ಮಾಡಿಸಿಕೊಂಡವರು ವರ್ಷಾಂತಿಕದ ದಿನ ದಾನಿಯ ಮನೆಗೆ ಹೋಗಿ, ಹೊಸ್ತಿಲಾಚೆ ನಿಂತು ಒಮ್ಮೆ ಕರೆಯುವುದು ಈಗ ಎಲ್ಲ ಕಡೆಯ ರೂಢಿ. ಒಳಗಿನವರು ‘ಓ’ ಎನ್ನಬೇಕು. ಆಮೇಲೆ ಊಟ.

ರಾಣೆಬೆನ್ನೂರಿನ ನೀಲವ್ವ ತೀರಿಹೋದ ಮಗಳು ಕಸ್ತೂರಿಯ ಕರೆಗಾಗಿ ಬೆಳಗಿನಿಂದ ಕಾದಿದ್ದಳು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡು ಕಸ್ತೂರಿಯದನ್ನು ಪಡೆದಿದ್ದ ಬಸ್ ಕಂಡಕ್ಟರ್ ಶಿರೀನ್ ಬಂದು ನಿಂತಳು.

“ಅವ್ವಾ, ಬಾಗಿಲಾ ತೆಗಿ.”

ನೀಲವ್ವ ಬೆಚ್ಚಿದಳು. “ಇದು ನನ್ನ ಮಗಳ ದನಿ ಅಲ್ಲ. ಆಕಿ ಮಾತೆಲ್ಲ ಮೂಗಿನಾಗ ಬರ್ತಿತ್ತು. ದವಾಖಾನ್ಯಾಗ ಅದಲು ಬದಲು ಮಾಡ್ಯಾರ.”

ಗಂಡ ಬಸಲಿಂಗಪ್ಪ ನಕ್ಕ. “ಏನ್ ತಂಗಿ, ಯಾರದೋ ಗಂಟಲಾ ಹಾಕ್ಕೊಂಡು ನಮ್ಮ ಮನಿ ಹೋಳಿಗಿ ಉಣ್ಣಾಕ ಬಂದಿಯೇನು?”

“ಗಂಟಲಾ ಆಕಿದs ಐತ್ರಿ, ಯಜಮಾನ್ರ,” ಎಂದಳು ಶಿರೀನ್. “ಆಕಿಗೆ ಅಂಗುಳ ಸೀಳಿತ್ತಂತಲ್ರಿ. ಗಾಳಿ ಮೂಗಿಗೆ ಹೋಗ್ತಿತ್ತು. ನನ್ನ ಅಂಗುಳ ಸರಿ ಐತಿ, ಅಷ್ಟ. ಸಣ್ಣಾಕಿ ಇದ್ದಾಗ ಹೊಲಿಸಿದ್ರ ಆಕಿನೂ ಹಿಂಗs ಮಾತಾಡ್ತಿದ್ದಳು ಅಂತ ಡಾಕ್ಟ್ರು ಹೇಳಿದ್ರು.”

ಬಸಲಿಂಗಪ್ಪನ ನಗು ನಿಂತಿತು. ಕಸ್ತೂರಿ ಕೂಸಾಗಿದ್ದಾಗ ಊರಿಗೆ ಬಂದ ವೈದ್ಯರು ಅಂಗುಳವನ್ನು ಪುಕ್ಕಟೆಯಾಗಿ ಹೊಲಿಯುತ್ತೇವೆ ಎಂದಿದ್ದರು. “ಗಂಟಲs ಕೆಟ್ಟೈತಿ, ಬಾಯಿ ಹೊಲಿದ್ರ ಏನ್ ಬಂತು?” ಎಂದು ಅವರನ್ನು ಅವನೇ ವಾಪಸ್ ಕಳಿಸಿದ್ದ. ನೆಂಟರು ಬಂದಾಗಲೆಲ್ಲ ಬಾಯಿ ತೆರೆಯಬೇಡ ಎಂದು ಮಗಳಿಗೆ ಹೇಳುತ್ತಿದ್ದವನೂ ಅವನೇ.

ನೀಲವ್ವ ಗಂಡನ ಕಡೆ ನೋಡಲಿಲ್ಲ. ಹೊಸ್ತಿಲು ದಾಟಿ ಬಂದು ಶಿರೀನಳ ಕೊರಳ ಮೇಲೆ ಅಂಗೈ ಇಟ್ಟಳು.

“ಇನ್ನೊಮ್ಮೆ ಕರಿ, ಮಗಳ,” ಎಂದಳು. “ಈ ಸಲ ಅಪ್ಪನ್ನ ಕರಿ. ಅಂವಾ ಕೇಳ್ಲಿ.”